ಏರಿಯ ಬುಡದ ಕೆಂಪು ನೀರು

"ಗುರುಗಳೇ, ಆಪತ್ತು ಬಂದಾಗ ಮುಂದೆ ನಿಂತವನು ಹೇಗೆ ಮಾತನಾಡಬೇಕು?"

ಕೇಳಿದ ಶಿಷ್ಯ ಮರುದಿನವೇ ಹೊಳೆದಂಡೆಯ ಊರೊಂದರ ಮಠವನ್ನು ನೋಡಿಕೊಳ್ಳಲು ಹೊರಡುವವನಿದ್ದ. ಪ್ರತಿ ಮಳೆಗಾಲದಲ್ಲೂ ಆ ಊರಿಗೆ ನೀರು ನುಗ್ಗುತ್ತಿತ್ತು. ಅವನ ಕಂಠವೋ, ನಾಲ್ಕು ಬೀದಿಗೆ ಕೇಳುವಂಥದ್ದು. ಅದರ ಮೇಲೆ ಅವನಿಗೆ ಬಹಳ ಭರವಸೆ. ಗುರು ನಕ್ಕು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಯಜಮಾನನಿದ್ದ. ಅವನ ಮಾತಿಗೆ ಎದುರಾಡುವವರಿರಲಿಲ್ಲ. ಒಂದು ವರ್ಷ ಮಳೆ ಬಿಡದೆ ಸುರಿದು ಊರ ಕೆರೆ ಅಂಚಿನವರೆಗೆ ತುಂಬಿತು. ಏರಿಯ ಕೆಳಗೇ ಕುಂಬಾರರ ಕೇರಿ, ಅರವತ್ತು ಮನೆ. ಏರಿ ಒಡೆದರೆ ಮೊದಲು ಕೊಚ್ಚಿಹೋಗುವುದು ಅದೇ.

ಯಜಮಾನ ಬೆಳಗಾಗುತ್ತಲೇ ಏರಿ ಹತ್ತಿ ನಿಂತ. ಮಣ್ಣು ತನ್ನಿ, ಏರಿ ಎತ್ತರಿಸಿ ಎಂದು ಕೂಗಿದ. ಹೆದರಿದವರನ್ನು ಗದರಿದ, ಸೋತವರನ್ನು ಹುರಿದುಂಬಿಸಿದ. ನೀರು ಏರಿದಂತೆ ಮಣ್ಣೂ ಏರಿತು. ತಾನು ನಿಂತಿರುವವರೆಗೆ ಕೆರೆ ಒಡೆಯದು ಎಂದು ಅವನ ಧೈರ್ಯ. ನಿಜ ಹೇಳಬೇಕೆಂದರೆ, ಜನ ಓಡಿಹೋಗದೆ ಅಲ್ಲಿ ಉಳಿದದ್ದೂ ಆ ಧೈರ್ಯವನ್ನು ನೋಡಿಯೇ.

ಮಧ್ಯಾಹ್ನದ ಹೊತ್ತಿಗೆ ಅವನ ಗಂಟಲು ಕಟ್ಟಿತು. ಬಾಯಿ ತೆರೆದರೆ ಬರೀ ಗಾಳಿ ಬಂತು. ಯಜಮಾನ ಏನು ಹೇಳುತ್ತಿದ್ದಾನೆಂದು ತಿಳಿಯಲು ಜನ ಬುಟ್ಟಿ ಕೆಳಗಿಟ್ಟು ಹತ್ತಿರ ಬಂದರು. ಆ ದಿನ ಮೊದಲ ಸಲ ಏರಿಯ ಮೇಲೆ ಸದ್ದಡಗಿತು. ಆಗ ಗುಂಪಿನ ಹಿಂದಿನಿಂದ, ಹುಲ್ಲು ಕೊಯ್ಯುವ ಹೆಂಗಸೊಬ್ಬಳ ದನಿ ಕೇಳಿಸಿತು.

"ಯಜಮಾನ್ರೇ, ಏರಿ ಬುಡದಾಗೆ ನೀರು ಜಿನುಗ್ತಾ ಐತೆ. ತಿಳಿನೀರಲ್ಲ, ಕೆಂಪಗೈತೆ."

ಯಜಮಾನನಿಗೆ ಕೂಡಲೇ ತಿಳಿಯಿತು. ಕೆಂಪು ನೀರೆಂದರೆ ಏರಿಯ ಮಣ್ಣೇ ಒಳಗಿನಿಂದ ಕರಗಿ ಬರುತ್ತಿದೆ. ಮೇಲೆ ಎಷ್ಟು ಮಣ್ಣು ಸುರಿದರೂ ಅದು ನಿಲ್ಲುವುದಿಲ್ಲ. ಅವನು ಒಂದು ಗಳಿಗೆಯೂ ತಡಮಾಡಲಿಲ್ಲ. ಒಬ್ಬೊಬ್ಬರನ್ನೇ ಹತ್ತಿರ ಕರೆದು, ಹೆಸರು ಹಿಡಿದು, ಪಿಸುದನಿಯಲ್ಲೇ ಹೇಳಿದ.

"ಚೌಡಪ್ಪ, ಮುದುಕರನ್ನ ನೀನು ಗುಡ್ಡ ಹತ್ಸು. ಮಾರಣ್ಣ, ಮಕ್ಕಳು ನಿನ್ನ ಪಾಲು. ಬಸಕ್ಕ, ಎಲ್ರೂ ಹೋದ್ಮೇಲೆ ನೀನು ಮನೆಮನೆ ಹೊಕ್ಕು ನೋಡು, ಯಾರೂ ಉಳೀಬಾರ್ದು."

ಸಂಜೆಯೊಳಗೆ ಏರಿ ಒಡೆಯಿತು. ಅರವತ್ತು ಮನೆಯೂ ಹೋದವು. ಒಂದು ಜೀವವೂ ಹೋಗಲಿಲ್ಲ.

ಕತೆ ಕೇಳಿದ ಶಿಷ್ಯನಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಕೊಚ್ಚಿಹೋದ ಮನೆಗಳು ಅವನ ಮನಸ್ಸನ್ನು ಕೊರೆಯುತ್ತಿದ್ದವು.

"ಆ ಹೆಂಗಸು ಬೆಳಿಗ್ಗೆಯೇ ಹೇಳಿದ್ದರೆ ಪಾಪದವರ ಪಾತ್ರೆ ಪಡಗವಾದರೂ ಉಳಿಯುತ್ತಿತ್ತು. ಏಕೆ ಹೇಳಲಿಲ್ಲ, ಗುರುಗಳೇ?"

"ಹೇಳಿದ್ದಳು," ಎಂದರು ಗುರು. "ಆಗ ಯಜಮಾನನ ಗಂಟಲು ಚೆನ್ನಾಗಿತ್ತು."