ಹುಣಸೆಹಣ್ಣಿನಲ್ಲಿ ತಿಕ್ಕಿದ ಡಾಲರ್

ಈ ಕಥೆ ನನಗೆ ಮೊದಲು ಹೇಳಿದವರು ಭಜನೆಯ ಶೇಷಪ್ಪಯ್ಯನವರು.

ಹೆಂಡತಿ ತೀರಿಕೊಂಡ ಅಡಿಗೆಯವನೊಬ್ಬನ ದೇವರ ಗೂಡಿನಲ್ಲಿ ಅಮೆರಿಕದ ಹಳೆಯ ಬೆಳ್ಳಿ ಡಾಲರ್ ಇತ್ತು. ಅದರ ಮೇಲಿನ ಹೆಂಗಸಿನ ಮುಖವನ್ನೇ ಲಕ್ಷ್ಮಿಯೆಂದು ಅವಳು ಪೂಜಿಸಿದ್ದಳು. ಇಂಥ ನಾಣ್ಯಗಳನ್ನೇ ಕೂಡಿಡುವ ಯಜಮಾನ ಜಂಬುನಾಥರಾಯರ ಕಣ್ಣಿಗೆ ಅದು ಬಿತ್ತು.

“ಬೆಳ್ಳಿಗೆ ಹಿಡಿದ ಆ ಹಳೆಯ ಕಪ್ಪಿಗೇ ಕಣೋ ಬೆಲೆ! ನಾಳೆ ತಂದುಕೊಡು, ಇಲ್ಲವೇ ಸೌಟು ಕೆಳಗಿಡು.”

ಮರುದಿನ ತಂದ. ನಾಣ್ಯ ಫಳಫಳ ಹೊಳೆಯುತ್ತಿತ್ತು.

“ಏನು ಮಾಡಿದೆಯೋ, ಮುಠ್ಠಾಳ!”

“ದೇವರ ಬೆಳ್ಳಿಯನ್ನು ತೊಳೆಯದೆ ಕೊಡಬಹುದೇ? ಹುಣಸೆಹಣ್ಣು ಹಾಕಿ ತಿಕ್ಕಿದೆ. ಎಲ್ಲಾದರೂ ಕಪ್ಪು ಉಳಿಯಿತೇ, ರಾಯರೇ?” ಎಂದ, ಏನೂ ಅರಿಯದವನಂತೆ.

“ಹಾಳಾಯಿತಲ್ಲೋ! ನೀನೇ ಇಟ್ಟುಕೋ!”

ನಾಣ್ಯ ಉಳಿಯಿತು. ಹೆಂಡತಿ ಅದಕ್ಕೆ ಹಚ್ಚಿದ್ದ ಕುಂಕುಮ ಮಾತ್ರ ಹುಣಸೆನೀರಿನಲ್ಲಿ ಹೋಗಿತ್ತು. ನಾಣ್ಯಕ್ಕೆ ತಾನೇ ಒಂದು ಬೊಟ್ಟಿಟ್ಟು, ಒಬ್ಬನೇ ಊಟಕ್ಕೆ ಕೂತ.

ಕೇಳಿದವರು ಇದನ್ನು ಇನ್ನೊಬ್ಬರಿಗೆ ಹೇಳಿರಪ್ಪ. ಒಂಟಿಯಾಗಿ ಉಣ್ಣುವವರಿಗಂತೂ ಮರೆಯದೆ ಹೇಳಿ.