ಮೂರು ವರ್ಷ ಹೊಸದು

"ಗುರುಗಳೇ, ಒಬ್ಬ ತರುಣ ಬಳಸಿದ ಸ್ಪೋರ್ಟ್ಸ್ ಕಾರು ಕೊಳ್ಳಬೇಕೆಂದಿದ್ದಾನೆ. ಎರಡು ನೋಡಿದ್ದಾನೆ. ಎರಡಕ್ಕೂ ಒಂದೇ ಕಂಪನಿ, ಒಂದೇ ಹೆಸರು. ಒಂದು ಹಳೆಯ ವರ್ಷದ್ದು, ಇನ್ನೊಂದು ಅದಕ್ಕಿಂತ ಮೂರು ವರ್ಷ ಹೊಸದು. ಹೊಸದರಲ್ಲಿ ಒಂದು ದೋಷವಿದೆ. ಅದು ಮಾರುವವನಿಗೆ ಗೊತ್ತು. ತರುಣ ಅದರ ಮಾತೆತ್ತಿಲ್ಲ. ಕೇಳದಿದ್ದರೂ ಹೇಳಬೇಕೇ?"

ಶಿಷ್ಯ ಇಷ್ಟು ಹೇಳಿ ತಲೆ ತಗ್ಗಿಸಿದ. ನಡೆದು ಬಂದಿದ್ದರಿಂದ ಅವನ ಪಾದವೆಲ್ಲ ಧೂಳಾಗಿತ್ತು. ಅವನ ಹಿಂದೆ ಬಂದ ಹೆಂಡತಿ ಬಾಗಿಲ ಬಳಿ ಕೂತು ಸೆರಗಿನಿಂದ ಬೆವರು ಒರೆಸಿಕೊಂಡಳು. ಅವಳ ಪಾದವೂ ಧೂಳಾಗಿತ್ತು.

ಗುರುಗಳು ಇಬ್ಬರ ಪಾದಗಳನ್ನೂ ನೋಡಿದರು.

"ಆ ತರುಣನಿಗೆ ಮದುವೆಯಾಗಿದೆಯೇ?"

"ಆಗಿದೆ. ಹೋದ ತಿಂಗಳಷ್ಟೆ."

"ಹಾಗಾದರೆ ಕೇಳು" ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಕೈತುಂಬ ವ್ಯಾಪಾರ, ಬಾಯಿತುಂಬ ಮಾತು. ಅವನ ಅಂಗಡಿಯಲ್ಲಿ ನಗ್ಗಿದ ಪಾತ್ರೆಯೂ ಒಳ್ಳೆಯ ಪಾತ್ರೆಗಳ ಸಾಲಿನಲ್ಲೇ ಕೂರುತ್ತಿತ್ತು, ನಗ್ಗು ಮಾತ್ರ ಗೋಡೆಯ ಕಡೆಗೆ. ಗಿರಾಕಿ ತಿರುಗಿಸಿ ನೋಡಿದರೆ ಬೆಲೆ ಇಳಿಸುತ್ತಿದ್ದ. ನೋಡದಿದ್ದರೆ ಕಟ್ಟಿ ಕೊಡುತ್ತಿದ್ದ. 'ನಾನೇನು ಸುಳ್ಳು ಹೇಳಿದೆನೇ? ಅವರು ತಿರುಗಿಸಲಿಲ್ಲ' ಎನ್ನುತ್ತಿದ್ದ. ರಾತ್ರಿ ಅವನಿಗೆ ನಿದ್ದೆ ಚೆನ್ನಾಗಿಯೇ ಬರುತ್ತಿತ್ತು.

ತಲೆಯಲ್ಲಿ ನಾಲ್ಕು ನರೆಗೂದಲು ಕಾಣುವ ಹೊತ್ತಿಗೆ ಅವನಿಗೆ ಸ್ಪೋರ್ಟ್ಸ್ ಕಾರಿನ ಹುಚ್ಚು ಹಿಡಿಯಿತು. ಇಬ್ಬರೇ ಕೂರುವ, ನೆಲಕ್ಕೆ ಎದೆಯಿಟ್ಟು ಓಡುವ ಕಾರು. ಹೊಸದು ಕೈಗೆಟುಕುವ ಮಾತಲ್ಲ. ಬಳಸಿದ್ದನ್ನು ಹುಡುಕಿದ.

ಮೊದಲನೆಯದು ಅದೇ ಊರಿನ ಒಬ್ಬ ವೈದ್ಯರದು. ವ್ಯಾಪಾರಿ ಹೋಗಿ ಬಾಗಿಲು ತಟ್ಟಿದ. ವೈದ್ಯರು ಕಾರಿನ ಹೊದಿಕೆ ತೆಗೆದರು. ಅವನು ಹೊಗಳುವ ಮೊದಲೇ ದೋಷ ಹೇಳತೊಡಗಿದರು.

"ಮಳೆ ಬಂದರೆ ಎಡಬಾಗಿಲಲ್ಲಿ ನೀರು ಇಳಿಯುತ್ತದೆ. ಅದನ್ನು ಸರಿ ಮಾಡಿಸಬಹುದು. ಸರಿಮಾಡಲಾಗದ್ದು ಒಂದಿದೆ. ಇದರ ಹೊಟ್ಟೆ ತೀರ ಕೆಳಗೆ. ಒಬ್ಬರೇ ಕೂತರೆ ರಸ್ತೆಗೆ ಅಡ್ಡ ಉಬ್ಬಿಸಿದ ಹಂಪು ದಾಟುತ್ತದೆ, ಇಬ್ಬರು ಕೂತರೆ ತಗಲಿ ನಿಲ್ಲುತ್ತದೆ. ನನ್ನ ಹೆಂಡತಿ ಪ್ರತಿ ಹಂಪಿಗೂ ಇಳಿಯುತ್ತಿದ್ದಳು. ನಾನು ದಾಟಿದ ಮೇಲೆ ನಡೆದು ಬಂದು ಹತ್ತುತ್ತಿದ್ದಳು. ಈಗ ಅವಳಿಗೆ ಮಂಡಿನೋವು. ಅದಕ್ಕೇ ಮಾರುತ್ತಿದ್ದೇನೆ."

ವ್ಯಾಪಾರಿ ತಲೆಯಾಡಿಸಿದ. ಒಳಗೊಳಗೆ ಲೆಕ್ಕ ಬೇರೆ ನಡೆದಿತ್ತು. ಮಾರುವವನು ಇದ್ದ ದೋಷದಲ್ಲಿ ಕಾಲು ಭಾಗ ಹೇಳಿದರೆ ಹೆಚ್ಚು ಎಂಬುದು ಅವನ ಕಸುಬು ಕಲಿಸಿದ ಪಾಠ. ಇವರು ಕೇಳದೆಯೇ ಇಷ್ಟು ಹೇಳುತ್ತಾರೆ ಎಂದರೆ ಮುಚ್ಚಿಟ್ಟದ್ದು ಇನ್ನೆಷ್ಟಿರಬೇಕು! "ಯೋಚಿಸಿ ಹೇಳುತ್ತೇನೆ ಡಾಕ್ಟ್ರೇ" ಎಂದು ಎದ್ದು ಬಂದ.

ಎರಡನೆಯದು ಪಕ್ಕದ ಪಟ್ಟಣದ ಒಬ್ಬ ಗುತ್ತಿಗೆದಾರನದು. ಮೂರು ವರ್ಷ ಹೊಸದು. ದೀಪಗಳು ಬೆಕ್ಕಿನ ಕಣ್ಣಿನ ಹಾಗೆ ಓರೆಯಾಗಿ ಹೊಳೆಯುತ್ತಿದ್ದವು.

"ಇದು ಹಂಪು ದಾಟುತ್ತದೆಯೇ?" ಎಂದು ವ್ಯಾಪಾರಿ ಕೇಳಿದ.

"ಏನ್ ಸ್ವಾಮಿ ಹೀಗೆ ಕೇಳ್ತೀರಿ! ಇದು ಮೂರು ವರ್ಷ ಹೊಸದು. ದೀಪ ನೋಡಿ, ಸೀಟು ನೋಡಿ. ಹಳೇದಕ್ಕೂ ಇದಕ್ಕೂ ಎಲ್ಲಿಂದೆಲ್ಲಿಯ ಹೋಲಿಕೆ?"

ಅದು ಕೇಳಿದ್ದಕ್ಕೆ ಉತ್ತರವಾಗಿರಲಿಲ್ಲ. ವ್ಯಾಪಾರಿಗೆ ಅದು ತಿಳಿಯಲಿಲ್ಲ ಎನ್ನುವ ಹಾಗೂ ಇಲ್ಲ. ಇಪ್ಪತ್ತು ವರ್ಷ ಅಂಥ ಉತ್ತರಗಳನ್ನೇ ಕೊಟ್ಟು ಬದುಕಿದವನು ಅವನು. ಆದರೆ ಕಣ್ಣು ದೀಪದ ಮೇಲಿತ್ತು. ಗುತ್ತಿಗೆದಾರ ಅವನನ್ನು ಹೆದ್ದಾರಿಯಲ್ಲಿ ಒಂದು ಸುತ್ತು ಕರೆದೊಯ್ದ. ಹೆದ್ದಾರಿಯಲ್ಲಿ ಹಂಪುಗಳಿರಲಿಲ್ಲ. ಕಾರು ಹಾವು ಹರಿದ ಹಾಗೆ ಹರಿಯಿತು. ಅಂದೇ ವ್ಯಾಪಾರ ಕುದುರಿತು.

ಕಾರು ತಂದವನು ಸುಮ್ಮನಿದ್ದಿದ್ದರೆ ಅರ್ಧ ಮರ್ಯಾದೆಯಾದರೂ ಉಳಿಯುತ್ತಿತ್ತು. ಅಂಗಡಿಗೆ ಬಂದವರಿಗೆಲ್ಲ ವೈದ್ಯರ ಕತೆ ಹೇಳಿದ. "ಅವರ ಮನೆಯಲ್ಲಿ ಗಂಡನಿಗೆ ಕಾರು, ಹೆಂಡತಿಗೆ ಕಾಲು!" ಎಂದು ನಗಿಸಿದ. ಮಾತು ಚುರುಕಾಗಿತ್ತು. ಚಹಾದಂಗಡಿಗೆ ಹೋಯಿತು, ಬಸ್ ನಿಲ್ದಾಣಕ್ಕೆ ಹೋಯಿತು, ವೈದ್ಯರ ಮನೆಗೂ ಹೋಯಿತು.

ಆ ವಾರವೇ ನೆಂಟರ ಮನೆಯ ಗೃಹಪ್ರವೇಶ. ವ್ಯಾಪಾರಿಯ ಹೆಂಡತಿ ರೇಷ್ಮೆ ಸೀರೆ ಉಟ್ಟು, ಉಡುಗೊರೆಯ ಕೊಳಗವನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಳು. ಮೊದಲ ಹಂಪು ಬಂದದ್ದು ವೈದ್ಯರ ಮನೆಯ ಮುಂದೆ. ಕರ್ರೆಂದು ಸದ್ದಾಯಿತು. ಕಾರು ಹಂಪಿನ ಮೇಲೆ ಹೊಟ್ಟೆಯೂರಿ ಕೂತುಬಿಟ್ಟಿತು. ಮೂರು ವರ್ಷದಲ್ಲಿ ಕಂಪನಿಯವರು ದೀಪ ಬದಲಿಸಿದ್ದರು, ಸೀಟು ಬದಲಿಸಿದ್ದರು. ಹೊಟ್ಟೆ ಬದಲಿಸಿರಲಿಲ್ಲ.

ಹಿಂದೆ ಬಸ್ಸು ಹಾರನ್ ಹೊಡೆಯಿತು.

"ಇಳಿ" ಎಂದ ವ್ಯಾಪಾರಿ.

"ಇಲ್ಲೇ? ಎಲ್ಲರ ಮುಂದೆ?"

"ಇಳಿ ಅಂದೆ."

ಅವಳು ಒಂದು ಕೈಯಲ್ಲಿ ಕೊಳಗ, ಒಂದು ಕೈಯಲ್ಲಿ ಸೆರಗು ಹಿಡಿದು ಇಳಿದಳು. ಚಹಾದಂಗಡಿಯಿಂದ ಒಬ್ಬ, "ಸಾಹುಕಾರ್ರೇ, ಗಂಡನಿಗೆ ಕಾರು..." ಎಂದು ಶುರು ಮಾಡಿ ನಿಲ್ಲಿಸಿದ. ಉಳಿದದ್ದನ್ನು ಯಾರೂ ಹೇಳಬೇಕಾಗಿರಲಿಲ್ಲ.

ಇಲ್ಲಿಗೆ ಬಂದಾಗ ಬಾಗಿಲ ಬಳಿ ಕೂತಿದ್ದ ಶಿಷ್ಯನ ಹೆಂಡತಿ ತಲೆಯೆತ್ತಿದಳು. ಗುರುಗಳು ಅವಳ ಕಡೆ ನೋಡದೆ ಕತೆ ಮುಂದುವರಿಸಿದರು.

ಸದ್ದು ಕೇಳಿ ವೈದ್ಯರ ಹೆಂಡತಿ ಕುಂಟುತ್ತ ಹೊರಗೆ ಬಂದಳು. ವ್ಯಾಪಾರಿಯ ಹೆಂಡತಿಯ ಕೈ ಹಿಡಿದಳು. "ಬಾಮ್ಮ, ನೆರಳಿಗೆ ಬಾ. ನಾನೂ ಇಲ್ಲೇ ಇಳಿಯುತ್ತಿದ್ದೆ" ಎಂದಳು. ವೈದ್ಯರೂ ಬಂದರು. ಬಗ್ಗಿ ಕಾರಿನ ಅಡಿ ನೋಡಿ, "ಹಿಂದಕ್ಕೆ ತೆಗೆಯಿರಿ. ನೇರ ಹೋಗಬೇಡಿ. ಓರೆಯಾಗಿ, ಎಡಗಾಲಿ ಮೊದಲು" ಎಂದರು. ಕಾರು ದಾಟಿತು. ವೈದ್ಯರು ಅದಕ್ಕಿಂತ ಒಂದು ಮಾತೂ ಹೆಚ್ಚಿಗೆ ಆಡಲಿಲ್ಲ. ನಾಲ್ಕು ಜನರ ಮುಂದೆ ಛೀಮಾರಿ ಹಾಕಿದ್ದರೆ ಎಷ್ಟೋ ವಾಸಿಯಿತ್ತು ಎನ್ನಿಸಿತು ವ್ಯಾಪಾರಿಗೆ. ಕೈಮುಗಿಯಬೇಕೆಂದುಕೊಂಡ. ಕೈ ಸ್ಟಿಯರಿಂಗ್ ಬಿಟ್ಟು ಬರಲಿಲ್ಲ.

ನೆಂಟರ ಮನೆಗೆ ಇನ್ನೂ ಐದು ಹಂಪುಗಳಿದ್ದವು. ಎರಡನೆಯದಕ್ಕೆ ಅವನು ಇಳಿ ಎನ್ನುವ ಮೊದಲೇ ಹೆಂಡತಿ ಇಳಿದಳು. ಮೂರನೆಯದರ ಬಳಿ ಬಾಗಿಲು ತೆರೆದು, "ಡಾಕ್ಟರು ನಿಮಗೆ ಮೊದಲೇ ಹೇಳಿದ್ದರಂತಲ್ಲ?" ಎಂದಳು. ಅವನು ಕಾರನ್ನು ಓರೆಗೆ ತಿರುಗಿಸಿದ. ಐದನೆಯದರಲ್ಲಿ ಇಳಿದವಳು ಮತ್ತೆ ಹತ್ತಲಿಲ್ಲ. ಕೊಳಗವನ್ನು ಸೊಂಟಕ್ಕಿಟ್ಟು ನಡೆದೇ ಬಂದಳು. ಅವನು ಕಾರನ್ನು ಅವಳ ನಡಿಗೆಯ ಪಕ್ಕದಲ್ಲಿ, ಅವಳ ಮುಖ ನೋಡದೆ, ನಿಧಾನವಾಗಿ ಓಡಿಸಿದ. ನೆಂಟರೆಲ್ಲ ಜಗಲಿಯಲ್ಲಿ ನಿಂತು ನೋಡುತ್ತಿದ್ದರು.

ಮರುದಿನವೇ ಕಾರು ಮಾರುವುದೆಂದು ನಿಶ್ಚಯಿಸಿದ. ವಾರ ಕಳೆಯುವುದರೊಳಗೆ ಹೊಸದಾಗಿ ಮದುವೆಯಾದ ಜೋಡಿಯೊಂದು ಅಂಗಡಿಯ ಮುಂದೆ ಬಂದು ನಿಂತಿತು. ಹುಡುಗಿ ಕಾರಿನ ದೀಪವನ್ನು ಬೆರಳಿನಿಂದ ಸವರಿ ನಕ್ಕಳು. ತರುಣ ಕೇಳಿದ:

"ಹಳೇದೊಂದು ನೋಡಿದ್ವಿ. ಅದನ್ನ ಮಾರೋ ಡಾಕ್ಟರು ಏನೇನೋ ದೋಷ ಹೇಳಿ ಹೆದರಿಸಿದರು. ಇದು ಮೂರು ವರ್ಷ ಹೊಸದಲ್ಲವಾ?"

ಹೌದು ಎಂದರೆ ಸುಳ್ಳಲ್ಲ. ದೀಪ ನೋಡಿ, ಸೀಟು ನೋಡಿ ಎಂಬ ಮಾತು ವ್ಯಾಪಾರಿಯ ನಾಲಗೆಯ ತುದಿಗೆ ತಾನಾಗಿ ಬಂತು. ಆ ಮಾತು ಯಾರದು ಎಂದು ಅವನಿಗೆ ನೆನಪಾಯಿತು. ಅಂಗಡಿಯೊಳಗೆ ನಗ್ಗು ಗೋಡೆಗೆ ತಿರುಗಿಸಿದ ಪಾತ್ರೆಗಳು ಸಾಲಾಗಿ ಹೊಳೆಯುತ್ತಿದ್ದವು. ಅವುಗಳ ನಡುವೆ ನಿಂತು ಅವನ ಹೆಂಡತಿ ಇತ್ತಲೇ ನೋಡುತ್ತಿದ್ದಳು. ವ್ಯಾಪಾರಿ ಬಾಯಿ ತೆರೆದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕಾದ. ಹೆಂಡತಿಯ ಕಡೆ ತಿರುಗಿ ನೋಡಬೇಕೆನ್ನಿಸಿತು, ಆಗಲಿಲ್ಲ. ಕಡೆಗೆ ಅವನೇ ಕೇಳಿದ, ಮೆಲ್ಲನೆ:

"ಹೇಳಿದನೇ, ಗುರುಗಳೇ?"

ಗುರುಗಳು ಬಾಗಿಲಾಚೆ ಕಣ್ಣು ಹಾಯಿಸಿದರು. ಆಶ್ರಮದ ದಾರಿಗೆ ಅಡ್ಡಲಾಗಿ ಊರವರು ಹಾಕಿಸಿದ ಒಂದು ಹಂಪು ಇತ್ತು. ಅದರ ಆಚೆ ಬಹುದೂರದಲ್ಲಿ, ಹುಣಸೆಮರದ ಮರೆಗೆ, ನೆಲಕ್ಕೆ ಎದೆಯಿಟ್ಟ ಹಾಗೆ ಒಂದು ಕೆಂಪು ಕಾರು ನಿಂತಿತ್ತು.

"ಹೆಂಡತಿಯನ್ನು ಕೂರಿಸಿಕೊಂಡು ಆ ನಿನ್ನ ಕಾರನ್ನು ಹಂಪು ದಾಟಿಸಿ ಒಳಗೆ ತಾ, ಆಮೇಲೆ ಹೇಳುತ್ತೇನೆ" ಎಂದರು ಗುರುಗಳು.