ಸದ್ದಿಲ್ಲದ ಬೀಸುಕಲ್ಲು

"ಗುರುಗಳೇ, ಆಶ್ರಮದ ಅಡುಗೆಮನೆಗೆ ಹೊಸ ಬಗೆಯ ಒಲೆಯೊಂದನ್ನು ಯೋಚಿಸಿದ್ದೇನೆ. ಅರ್ಧ ಸೌದೆ ಸಾಕು. ತಾವು ಒಪ್ಪಿದ್ದೀರಿ, ಮಾಡಿಸಿಕೊಡುವ ವರ್ತಕರೂ ಒಪ್ಪಿದ್ದಾರೆ. ಇನ್ನು ಯಾರನ್ನು ಕೇಳಬೇಕು?" ಎಂದ ಶಿಷ್ಯ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಕಲ್ಲುಕುಟಿಗನಿದ್ದ. ಮದುವೆಯಾದ ಮಗಳ ಅಂಗೈಯಲ್ಲಿ ಬೊಬ್ಬೆ ಕಂಡು ಅವನಿಗೆ ಸಂಕಟವಾಯಿತು. ಹೊಸ ಬೀಸುಕಲ್ಲು ಮಾಡಿಕೊಡೋಣವೆಂದು ಬೀಗರ ಮನೆಗೆ ಹೋಗಿ ವಿಚಾರಿಸಿದ. "ಹಿಟ್ಟು ನುಣ್ಣಗಿರಲಿ" ಎಂದಳು ಬೀಗಿತ್ತಿ. "ಬೆಳಗಿನ ಜಾವ ನನ್ನ ನಿದ್ದೆ ಕೆಡದಿರಲಿ" ಎಂದ ಬೀಗ.

ಮಳೆಗಾಲವೆಲ್ಲ ಕೂತು ಕೆತ್ತಿದ. ಕಲ್ಲು ಒಂದೇ ಕೈಗೆ ತಿರುಗಿತು. ಸದ್ದೇ ಇಲ್ಲ. ಊರವರೆಲ್ಲ ಬಂದು ನೋಡಿ ಹೊಗಳಿದರು. ಅದನ್ನು ಬೀಗರ ಮನೆಗೆ ಕೊಟ್ಟು, ಹಳೆಯದನ್ನು ತಾನು ತಂದುಕೊಂಡ.

ಹಬ್ಬಕ್ಕೆ ಮಗಳು ತವರಿಗೆ ಬಂದಳು. ಅಂಗೈ ಮೆತ್ತಗಾಗಿತ್ತು. ಮುಖ ಬಾಡಿತ್ತು.

"ಕಲ್ಲು ಹೇಗಿದೆಯಮ್ಮ?"

"ಬಲು ಹಗುರ ಅಪ್ಪ. ಹಳೇದನ್ನೇ ವಾಪಸು ಕೊಡ್ತೀಯಾ?"

ಅಪ್ಪ ಬೆಪ್ಪಾದ.

"ನಾನೂ ಓರಗಿತ್ತಿಯೂ ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೀಸ್ತಿದ್ವಿ. ದಿನವೆಲ್ಲ ನುಂಗಿಕೊಂಡ ಮಾತನ್ನ ಅಲ್ಲೇ ಆಡ್ತಿದ್ವಿ. ಆ ಗರಗರದಲ್ಲಿ ಯಾರಿಗೂ ಏನೂ ಕೇಳ್ತಿರಲಿಲ್ಲ. ಈಗ ಒಬ್ಬಳೇ ಬೀಸೋದು. ಮೊನ್ನೆ ಅವಳು ಬಂದು ಕೂತಳು. ಮಾವನ ಗೊರಕೆ ನೆನೆಸಿಕೊಂಡು ನಕ್ಕೆವು. ಒಳಗಿಂದ ಮಾವನೇ ಕೆಮ್ಮಿದರು."

ಅಪ್ಪನಿಗೂ ನಗು ತಡೆಯಲಾಗಲಿಲ್ಲ. "ಇದನ್ನು ಮೊದಲೇ ಹೇಳಬಾರದಿತ್ತೇನೇ?"

"ನೀನು ಕೇಳಿದ್ದು ಅತ್ತೆ ಮಾವನ್ನ. ನಾನು ನಿನಗೆ ನೀರು ಕೊಟ್ಟು ಒಳಗೆ ಹೋದೆ."

ಹೊಸ ಕಲ್ಲನ್ನು ಮತ್ತೆ ತರಿಸಿ, ಈ ಸಲ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಅವನು ಉಳಿ ಹಿಡಿದ. ಕಲ್ಲು ಹಗುರವಾಗಿಯೇ ಉಳಿಯಿತು. ಗೂಟ ಮಾತ್ರ ಇಬ್ಬರು ಹಿಡಿಯುವಷ್ಟು ಉದ್ದವಾಯಿತು. "ಇನ್ನೂ ಸ್ವಲ್ಪ ಸದ್ದು ಬರಲಿ ಅಪ್ಪ" ಎಂದು ಅವಳು, "ಊರೇ ಎದ್ದುಬಿಡುತ್ತೆ ಕಣೇ" ಎಂದು ಅವನು. ಕೊನೆಗೆ ಬೀಗನ ನಿದ್ದೆಗೂ ತೊಂದರೆಯಾಗದಂತೆ ಕಲ್ಲನ್ನು ಹಿತ್ತಲ ಜಗಲಿಯಲ್ಲಿ ಹಾಕಿಸಿದ.

ಸ್ವಲ್ಪ ದಿನಕ್ಕೆ ಬೀಗಿತ್ತಿಯೂ ಬೆಳಗಿನ ಜಾವ ಎದ್ದು ಬಂದು ಸೊಸೆಯರ ಜೊತೆ ಕೂತಳು. ಗೊರಕೆಯ ಬಗ್ಗೆ ಅವಳಿಗೂ ಹೇಳುವುದು ಬೇಕಾದಷ್ಟಿತ್ತು.

ಶಿಷ್ಯ ಜೋರಾಗಿ ನಕ್ಕ. ಗುರುಗಳೂ ನಗುತ್ತಲೇ ಕೇಳಿದರು:

"ದಿನಾ ನಿನಗೆ ಅಡುಗೆ ಮಾಡಿ ಹಾಕುವ ಆ ತಾಯಿಯ ಹೆಸರೇನಪ್ಪ?"

ಹೆಸರು ಕೇಳಿಕೊಂಡು ಬರಲು ಶಿಷ್ಯ ಎದ್ದು ಅಡುಗೆಮನೆಯ ಕಡೆ ನಡೆದ.